ನೆಲ ಯಾರದು? ಸ್ಪೀಡ್‌ವೇ ಅಭಿಮಾನಿಯ ಮಾತು

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಇದೇ ಸಭಾಂಗಣದಲ್ಲಿ ನಮ್ಮವರೇ ಒಬ್ಬರು, “ಸ್ಪೀಡ್‌ವೇ ಅಂದ್ರೆ ಮುಗಿದುಹೋದ ಆಟ ಬಿಡಿ, ಜನ ಎಲ್ಲಿ ಬರ್ತಾರೆ?” ಅಂದರು. ಆ ಮಾತು ಕೇಳಿ ಸುಮ್ಮನಿರಲು ಆಗಲಿಲ್ಲ. ಕಾರ್ಯದರ್ಶಿಗಳ ಹತ್ತಿರ ಹೋಗಿ ಇವತ್ತಿನ ಅರ್ಧ ಗಂಟೆ ಕೇಳಿ ಪಡೆದೆ. ಆ ಮಾತು ಹೇಳಿದವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಬಂದದ್ದಕ್ಕೆ ಸಂತೋಷ ಸಾರ್, ನಡುವೆ ಎದ್ದು ಹೋಗಬೇಡಿ.

ನಾನು ಹೇಳಬೇಕಾದ್ದು ಒಂದೇ. ಅಂಡಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ಓಡಿಸುವ ಈ ಆಟಕ್ಕೆ ಜನ ಕಡಿಮೆಯಾಗಿದ್ದಾರೆ, ನಿಜ. ಆದರೆ ಒಂದೊಂದೇ ತಂಡ ಕಣ್ಣು ಮುಚ್ಚುತ್ತಿರುವುದು ಆ ಕಾರಣಕ್ಕಲ್ಲ, ಕಾಲ ಕೆಳಗಿನ ನೆಲ ತಮ್ಮದಲ್ಲ ಅನ್ನುವ ಕಾರಣಕ್ಕೆ.

ಕೊವೆಂಟ್ರಿಯಲ್ಲಿರುವ ನಿಮಗೆ ಬ್ರಾಂಡನ್ ಸ್ಟೇಡಿಯಂ ಎಲ್ಲಿದೆ ಅಂತ ಹೇಳಬೇಕಾಗಿಲ್ಲ. ರಗ್ಬಿ ಊರಿನ ಕಡೆಗೆ ಹೋಗುವಾಗ ಎಲ್ಲರೂ ಆ ದಾರಿಯಲ್ಲಿ ಹೋಗಿದ್ದೀರಿ. 1928ರಲ್ಲಿ ಶುರುವಾದ ಜಾಗ. ನಮ್ಮೂರಿನ ಸ್ಪೀಡ್‌ವೇ ತಂಡ ಕೊವೆಂಟ್ರಿ ಬೀಸ್ ಅಲ್ಲಿ ಕೊನೆಯ ಸಲ ಓಡಿದ್ದು 2016ರಲ್ಲಿ. ಆಮೇಲೆ ಬೀಗ, ಮುಳ್ಳುಗಿಡ, ಬೆಂಕಿ. ಮುಚ್ಚುವ ಹೊತ್ತಿಗೆ ಆ ತಂಡ ಹಾಳುಬಿದ್ದಿತ್ತೇ? 2005, 2007, 2010, ಮೂರು ಸಲ ಲೀಗ್ ಗೆದ್ದಿತ್ತು, ಕೊನೆಯ ಗೆಲುವಿಗೆ ಇನ್ನೂ ಹತ್ತು ವರ್ಷವೂ ಆಗಿರಲಿಲ್ಲ.

ಇತಿಹಾಸ ಸ್ವಲ್ಪ ಹೇಳಿಬಿಡುತ್ತೇನೆ. 1928ರ ಫೆಬ್ರವರಿ 19. ಲಂಡನ್ನಿನ ಅಂಚಿನ ಎಪಿಂಗ್ ಕಾಡು, ಹೈ ಬೀಚ್ ಅನ್ನುವ ಜಾಗ, ಕಿಂಗ್ಸ್ ಓಕ್ ಪಬ್ಬಿನ ಹಿಂದಿನ ಟ್ರ್ಯಾಕ್. ಸಂಘಟಕರು ಕೆಲವೇ ಸಾವಿರ ಜನ ಬಂದಾರು ಅಂದುಕೊಂಡಿದ್ದರು. ಬಂದವರು ಹಲವು ಪಟ್ಟು, ಮೂವತ್ತು ಸಾವಿರದವರೆಗೂ ಲೆಕ್ಕ ಹೇಳುವವರಿದ್ದಾರೆ. ಅದಕ್ಕೂ ಮೊದಲು 1923ರಲ್ಲಿ ಆಸ್ಟ್ರೇಲಿಯಾದ ವೆಸ್ಟ್ ಮೈಟ್ಲೆಂಡ್‌ನಲ್ಲಿ ಜಾನಿ ಹಾಸ್ಕಿನ್ಸ್ ನಡೆಸಿದ ಓಟವೇ ಮೊದಲನೆಯದು ಅಂತ ಒಂದು ಪಂಗಡ, ಅಲ್ಲ, ಇಂಗ್ಲೆಂಡಿನಲ್ಲೇ ಹೈ ಬೀಚ್‌ಗಿಂತ ಮುಂಚೆ 1927ರಲ್ಲಿ ಓಟಗಳಾಗಿದ್ದವು ಅಂತ ಇನ್ನೊಂದು ಪಂಗಡ. ಮಳೆ ಬಂದು ಓಟ ನಿಂತ ಸಂಜೆಗಳಲ್ಲಿ ಅಭಿಮಾನಿಗಳು ಟೀ ಹಿಡಿದುಕೊಂಡು ಮಾಡುವ ಜಗಳ ಇದೇ. 1929ರ ಹೊತ್ತಿಗೆ ಲೀಗ್ ಬಂತು, 1936ರಲ್ಲಿ ವೆಂಬ್ಲಿಯಲ್ಲಿ ಮೊದಲ ವಿಶ್ವ ಫೈನಲ್. ವೆಂಬ್ಲಿಯ ಕೊನೆಯ ವಿಶ್ವ ಫೈನಲ್ 1981ರಲ್ಲಿ, ಬ್ರೂಸ್ ಪೆನ್‌ಹಾಲ್ ಗೆದ್ದಾಗ.

ಆಟ ನಿಮಗೆ ಗೊತ್ತಿದೆ. ನಾಲ್ಕು ಸವಾರರು, ನಾಲ್ಕು ಸುತ್ತು, ಒಂದು ನಿಮಿಷ. 500 ಸಿಸಿ, ಒಂದೇ ಸಿಲಿಂಡರ್, ಒಂದೇ ಗೇರ್, ಬ್ರೇಕ್ ಇಲ್ಲ. ಬ್ರೇಕ್ ಇಲ್ಲ ಅಂದರೆ ಹೊಸಬರು ಹೌಹಾರುತ್ತಾರೆ. ಯೋಚಿಸಿ ನೋಡಿ: ನಾಲ್ವರು ಮೈಗೆ ಮೈ ತಾಗಿಸಿಕೊಂಡು ಓಡುವಾಗ ಮುಂದಿರುವವನು ಬ್ರೇಕ್ ಒತ್ತಿದರೆ ಹಿಂದಿನವನ ಗತಿಯೇನು? ವೇಗ ಇಳಿಸುವುದೂ ತಿರುಗಿಸುವುದೂ ಹಿಂದಿನ ಚಕ್ರ ಜಾರಿಸಿಯೇ. ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಬಲಕ್ಕೆ ನೋಡುತ್ತಿರುತ್ತದೆ, ಎಡಗಾಲಿನ ಉಕ್ಕಿನ ಪಾದುಕೆ ನೆಲ ಸವರುತ್ತಾ ಹೋಗುತ್ತದೆ. ಕಂಬಳದ ಗದ್ದೆ ಅಂಚಿನಲ್ಲಿ ನಿಂತವರ ಮೈಗೆ ಕೆಸರು ಹಾರುವ ಹಾಗೆ, ಇಲ್ಲಿ ತಿರುವಿನಲ್ಲಿ ನಿಂತವರ ಮೈಗೆ ಕೆಂಪು ಶೇಲ್, ಅಂದರೆ ಟ್ರ್ಯಾಕಿಗೆ ಹಾಸಿದ ಕಲ್ಲುಪುಡಿ, ಬಡಿಯುತ್ತದೆ. ಅಭಿಮಾನಿಗಳು ಅಲ್ಲೇ ಹೋಗಿ ನಿಲ್ಲುತ್ತಾರೆ. ಇನ್ನು ಆ ವಾಸನೆ! ಇಂಧನ ಮೆಥನಾಲ್, ಎಂಜಿನ್ನಿಗೆ ಹರಳೆಣ್ಣೆ ಆಧಾರದ ಎಣ್ಣೆ. ನಾವೆಲ್ಲ ಚಿಕ್ಕಂದಿನಲ್ಲಿ ಮೂಗು ಮುಚ್ಚಿಕೊಂಡು ಓಡಿಹೋಗುತ್ತಿದ್ದ ಹರಳೆಣ್ಣೆ. ಅದು ಕಾದಾಗ ಬರುವ ಘಮಕ್ಕೆ ನಾನು ಊರು ದಾಟಿ ಹೋಗುತ್ತೇನೆ.

ನನ್ನನ್ನು ಮೊದಲು ಕರೆದುಕೊಂಡು ಹೋದವರು ಪಕ್ಕದ ಮನೆಯ ಹಿರಿಯರು, ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಗೇಟಿನಲ್ಲಿ ಪ್ರೋಗ್ರಾಂ ಪುಸ್ತಕ ಕೊಂಡು, ಜೇಬಿನಿಂದ ಎರಡು ಪೆನ್ಸಿಲ್ ತೆಗೆದು ಒಂದನ್ನು ನನ್ನ ಕೈಗಿಟ್ಟರು. ಹದಿನೈದು ಹೀಟ್, ಅಂದರೆ ಹದಿನೈದು ಓಟ, ಪ್ರತಿ ಹೀಟಿಗೂ ಒಂದು ಕೋಷ್ಟಕ. ಒಂದೊಂದು ತಂಡದಿಂದ ಇಬ್ಬರು. ಆತಿಥೇಯರ ಹೆಲ್ಮೆಟ್ ಕೆಂಪು, ನೀಲಿ. ಎದುರಾಳಿಗಳದು ಬಿಳಿ, ಹಳದಿ. ಮೊದಲಿಗೆ ಮೂರು, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಸೊನ್ನೆ. ತನ್ನ ಜೊತೆಗಾರನ ಬೆನ್ನಿಗೇ ಬಂದು ಎದುರಾಳಿಯನ್ನು ಹಿಂದೆ ಹಾಕಿದವನಿಗೆ ಬೋನಸ್. ಅದು ತಂಡದ ಲೆಕ್ಕಕ್ಕಿಲ್ಲ, ಅವನ ಸರಾಸರಿಗೆ ಮಾತ್ರ. ನಾನು ಬರೆಯದೆ ಬರೀ ನೋಡುತ್ತಾ ನಿಂತಾಗ ಆ ಹಿರಿಯರು ಮೊಣಕೈಯಿಂದ ತಿವಿದರು. ಬರೆಯಲು ಕೂತ ಮೇಲೆಯೇ ನನಗೆ ಆಟ ಕಂಡದ್ದು. ಯಾರು ಯಾರಿಗಾಗಿ ಹೊರಗಿನ ಗೆರೆ ಹಿಡಿದ, ಯಾರು ತಾನು ಗೆಲ್ಲಬಹುದಾಗಿದ್ದರೂ ವೇಗ ತಗ್ಗಿಸಿ ಜೊತೆಗಾರನನ್ನು ಕಾಯ್ದು ಮೊದಲೆರಡು ಸ್ಥಾನ ತಂಡಕ್ಕೇ ಸಿಗುವಂತೆ ಐದು-ಒಂದು ಮಾಡಿಸಿದ, ಎಲ್ಲ ಆ ಕೋಷ್ಟಕದಲ್ಲಿ ಸಿಗುತ್ತದೆ. ಹೊರಗಿನವರಿಗೆ ಇದು ಒಂಟಿ ಸಾಹಸ. ಒಳಗಿನವರಿಗೆ ಇಬ್ಬರು ಇಬ್ಬರಾಗಿ ಆಡುವ ಆಟ.

ಈಗ ಕಾರ್ಡಿಫ್ ಕಥೆ. ಕೇಳಿದವರು ಇನ್ನೊಮ್ಮೆ ಕೇಳಿ.

2007ರ ಜೂನ್ 30, ಬ್ರಿಟಿಷ್ ಗ್ರ್ಯಾನ್ ಪ್ರಿ, ವಿಶ್ವ ಚಾಂಪಿಯನ್‌ಶಿಪ್ಪಿನ ಒಂದು ಸುತ್ತು. ಮಿಲೇನಿಯಂ ಸ್ಟೇಡಿಯಂನ ರಗ್ಬಿ ಮೈದಾನದ ಮೇಲೆ ಲಾರಿಗಟ್ಟಲೆ ಶೇಲ್ ತಂದು ಸುರಿದು ಮಾಡಿದ ಟ್ರ್ಯಾಕ್. 2001ರಿಂದ ಕಾರ್ಡಿಫ್‌ನಲ್ಲಿ ನಡೆಯುತ್ತಿದ್ದ ಈ ಗ್ರ್ಯಾನ್ ಪ್ರಿಯನ್ನು ಅಲ್ಲಿಯವರೆಗೆ ಒಬ್ಬ ಬ್ರಿಟಿಷನೂ ಗೆದ್ದಿರಲಿಲ್ಲ. ಅದರ ಹಿಂದಿನ ವರ್ಷ, 2000ದಲ್ಲಿ, ಗ್ರ್ಯಾನ್ ಪ್ರಿ ನಡೆದದ್ದು ಎಲ್ಲಿ ಗೊತ್ತೇ? ನಮ್ಮ ಬ್ರಾಂಡನ್‌ನಲ್ಲಿ! ಆ ರಾತ್ರಿ ವೈಲ್ಡ್ ಕಾರ್ಡ್‌ನಲ್ಲಿ, ಅಂದರೆ ಅದೊಂದು ಸುತ್ತಿಗೆ ಮಾತ್ರ ಆಹ್ವಾನ ಪಡೆದು ಬಂದ ಮಾರ್ಟಿನ್ ಡುಗಾರ್ಡ್ ವಿಶ್ವದ ಘಟಾನುಘಟಿಗಳನ್ನೆಲ್ಲ ಸೋಲಿಸಿದ. ಜಗತ್ತು ಬ್ರಾಂಡನ್‌ಗೆ ಬರುತ್ತಿದ್ದ ಕಾಲ ಅದು. ಸರಿ, ಕಾರ್ಡಿಫ್‌ಗೆ ಬರೋಣ. ಫೈನಲ್‌ನಲ್ಲಿ ಕ್ರಿಸ್ ಹ್ಯಾರಿಸ್. ಕಾರ್ನ್‌ವಾಲ್‌ನ ಹುಡುಗ, ಎಲ್ಲರ ಬಾಯಲ್ಲಿ ‘ಬಾಂಬರ್’, ಆ ವರ್ಷ ನಮ್ಮ ಬೀಸ್ ತಂಡದವನು. ಅವನ ಮುಂದೆ ಗ್ರೆಗ್ ಹ್ಯಾನ್‌ಕಾಕ್, ಅಮೆರಿಕದವನು, ಅಷ್ಟರಲ್ಲಾಗಲೇ ವಿಶ್ವ ಚಾಂಪಿಯನ್ ಆಗಿದ್ದವನು, ಅವನೂ ಹಿಂದೆ ಬೀಸ್‌ಗೆ ಓಡಿದವನೇ. ನಾನು ಮೇಲಿನ ಸ್ಟ್ಯಾಂಡ್‌ನಲ್ಲಿ, ಪಕ್ಕದಲ್ಲಿ ಅದೇ ಹಿರಿಯರು. ಹ್ಯಾನ್‌ಕಾಕ್ ಹೋಗುತ್ತಿದ್ದ ರೀತಿ ನೋಡಿದರೆ ಸುತ್ತಲಿನವರು ಎರಡನೇ ಸ್ಥಾನಕ್ಕೇ ಚಪ್ಪಾಳೆ ತಟ್ಟಲು ತಯಾರಾಗಿದ್ದರು. ಹ್ಯಾರಿಸ್ ಬಿಡಲಿಲ್ಲ. ಪ್ರತಿ ತಿರುವಿಗೂ ಒಂದಿಷ್ಟು ಹತ್ತಿರ, ಪ್ರತಿ ತಿರುವಿಗೂ ಒಂದಿಷ್ಟು ಹತ್ತಿರ. ಕೊನೆಯ ಸುತ್ತು. ಗೆರೆ ಇನ್ನೇನು ಬಂತು ಅನ್ನುವಾಗ ಅವನು ಹ್ಯಾನ್‌ಕಾಕ್‌ನನ್ನು ದಾಟಿಬಿಟ್ಟ! ಆ ಕೂಗನ್ನು ನಾನು ಹೇಗೆ ವರ್ಣಿಸಲಿ? ನನಗೆ ಪರಿಚಯವೇ ಇಲ್ಲದ ಒಬ್ಬ ಅಜ್ಜಿ ನನ್ನನ್ನು ತಬ್ಬಿಕೊಂಡು ಅಳುತ್ತಿದ್ದರು. ಹಿರಿಯರು ಮಾತ್ರ ಬಗ್ಗಿ ಕೋಷ್ಟಕದಲ್ಲಿ ಮೂರು ಅಂತ ಬರೆದು, ಸುತ್ತಲೂ ಗೆರೆ ಎಳೆದು, ಆಮೇಲೆ ಎದ್ದು ನಿಂತು ಕೂಗಿದರು.

ಹಾಗೆ ಗೆದ್ದವನ ಮನೆಯ ಟ್ರ್ಯಾಕ್ ಇವತ್ತು ಬೀಗ ಹಾಕಿಕೊಂಡು ನಿಂತಿದೆ. ಯಾಕೆ? ನೆಲ ಯಾರದು ಅಂತ ಕೇಳಿ.

ಸ್ವಿಂಡನ್ ನೋಡಿ. ಸ್ವಿಂಡನ್ ರಾಬಿನ್ಸ್ 2019ರಲ್ಲಿ ಬ್ರಿಟನ್ನಿನ ಮೇಲಿನ ಲೀಗು ಪ್ರೀಮಿಯರ್‌ಶಿಪ್ ಗೆದ್ದರು. ಅದಾದ ಮೇಲೆ ಆ ಟ್ರ್ಯಾಕಿನಲ್ಲಿ ಓಟವೇ ಆಗಲಿಲ್ಲ. ಪೀಟರ್‌ಬರೊ ಪ್ಯಾಂಥರ್ಸ್ 2021ರ ಚಾಂಪಿಯನ್ನರು. 2023ರ ಕೊನೆಗೆ ಅವರಿಗೂ ಜಾಗ ಹೋಯಿತು. ಅದೇ ವರ್ಷ ವುಲ್ವರ್‌ಹ್ಯಾಂಪ್ಟನ್‌ನ ಮಾನ್‌ಮೋರ್ ಗ್ರೀನ್. ವಿಂಬಲ್ಡನ್, ಎಕ್ಸೆಟರ್ 2005ರಲ್ಲಿ, ರೆಡಿಂಗ್ 2008ರಲ್ಲಿ. ಜನ ಬರದಿದ್ದರೆ ತಂಡ ಚಾಂಪಿಯನ್ ಆಗುತ್ತದೆಯೇ ಸಾರ್? ಗೆದ್ದವರಿಗೂ ಸೋತವರಿಗೂ ಒಂದೇ ಪತ್ರ ಬರುತ್ತದೆ, ಜಾಗ ಖಾಲಿ ಮಾಡಿ ಅಂತ. ತಂಡ ಬಾಡಿಗೆದಾರ. ಮನೆ ಕಟ್ಟಿದರೆ ಬರುವ ದುಡ್ಡಿನ ಮುಂದೆ ವಾರಕ್ಕೊಂದು ಸಂಜೆಯ ಬಾಡಿಗೆ ಯಾವ ಲೆಕ್ಕ?

ಮನೆಗಳು ಬೇಡವೇ ಅಂತ ನೀವು ಕೇಳಬಹುದು. ಬೇಕು. ನಮ್ಮಲ್ಲೇ ಎಷ್ಟೋ ಮಕ್ಕಳು ಮನೆ ಸಿಗದೆ ಒದ್ದಾಡುತ್ತಿದ್ದಾರೆ. ಆದರೆ ಒಂದು ಊರಿನವರು ಮೂರು ತಲೆಮಾರು ಬಂದು ನಿಂತ ಜಾಗವನ್ನು ಖಾಲಿ ಜಮೀನು ಅಂತ ಲೆಕ್ಕ ಹಾಕುವುದನ್ನು ನಾನು ಒಪ್ಪುವುದಿಲ್ಲ. ಬ್ರಾಂಡನ್ ಅಭಿಮಾನಿಗಳೂ ಒಪ್ಪಲಿಲ್ಲ. ವರ್ಷಗಟ್ಟಲೆ ಪತ್ರ ಬರೆದರು, ದಾಖಲೆ ಕೂಡಿಸಿದರು, ಸಭೆಗಳಲ್ಲಿ ಕೂತರು. 2018ರಲ್ಲಿ ಬೀಸ್ ಹೆಸರು ಉಳಿಯಲಿ ಅಂತ ಲೆಸ್ಟರ್ ಟ್ರ್ಯಾಕಿನಲ್ಲಿ ಕೆಳಗಿನ ಲೀಗಿನಲ್ಲಿ ತಂಡ ಓಡಿದಾಗ ಅಲ್ಲಿಗೂ ಹೋಗಿ ನಿಂತರು. 2022ರಲ್ಲಿ ಮನೆ ಕಟ್ಟುವ ಅರ್ಜಿ ತಿರಸ್ಕೃತವಾಯಿತು, 2023ರ ಕೊನೆಯಲ್ಲಿ ಮೇಲ್ಮನವಿಯೂ ವಜಾ ಆಯಿತು. ಅಷ್ಟು ಗೆದ್ದರೂ ಟ್ರ್ಯಾಕ್ ತಾನಾಗಿ ತೆರೆಯುವುದಿಲ್ಲ. ಮಾರು ಅಂತ ಒಡೆಯನಿಗೆ ಯಾರೂ ಹೇಳಲಾರರು. ನಾನು ಮತ್ತೆ ಮತ್ತೆ ಅದೇ ರಾಗ ಹಾಡುತ್ತಿರುವುದು ಇದಕ್ಕೇ.

ಮತ್ತೆ ತೆರೆದದ್ದೂ ಉಂಟು. ಆಕ್ಸ್‌ಫರ್ಡ್ 2007ರಲ್ಲಿ ನಿಂತಿತ್ತು, 2022ರಲ್ಲಿ ವಾಪಸ್ ಬಂತು. ಮ್ಯಾಂಚೆಸ್ಟರ್‌ನ ಬೆಲ್ ವ್ಯೂ ಏಸಸ್ ತಂಡದ ಹೈಡ್ ರೋಡ್ ಟ್ರ್ಯಾಕ್ 1987ರಲ್ಲಿ ಕೈತಪ್ಪಿತ್ತು, 2016ರಲ್ಲಿ ಅದೇ ಊರಿನಲ್ಲಿ ಸ್ಪೀಡ್‌ವೇಗಾಗಿಯೇ ಹೊಸ ಸ್ಟೇಡಿಯಂ ಎದ್ದಿತು. ಉದ್ಘಾಟನೆಯ ಸಂಜೆ ಟ್ರ್ಯಾಕ್ ಸುರಕ್ಷಿತವಾಗಿಲ್ಲ ಅಂತ ಓಟ ರದ್ದಾಯಿತು, ಬಂದವರೆಲ್ಲ ವಾಪಸ್. ಆದರೂ ಮತ್ತೆ ಬಂದರು. ಆ ಸಂಜೆ ನಡೆಯಬೇಕಿದ್ದದ್ದು ಪೀಟರ್ ಕ್ರೇವನ್ ಸ್ಮಾರಕ ಟ್ರೋಫಿ. ಕ್ರೇವನ್ 1955 ಮತ್ತು 1962ರ ವಿಶ್ವ ಚಾಂಪಿಯನ್, ಬೆಲ್ ವ್ಯೂನವನು. 1963ರ ಸೆಪ್ಟೆಂಬರ್‌ನಲ್ಲಿ ಎಡಿನ್‌ಬರೋದಲ್ಲಿ ಮುಂದೆ ಬಿದ್ದಿದ್ದ ಸವಾರನ ಮೇಲೆ ಹೋಗಬಾರದು ಅಂತ ಬೈಕ್ ತಿರುಗಿಸಿ ಬೇಲಿಗೆ ಬಡಿದ, ನಾಲ್ಕು ದಿನಕ್ಕೆ ತೀರಿಕೊಂಡ. ಇಪ್ಪತ್ತೊಂಬತ್ತು ವರ್ಷ. ಗಾಯಗೊಂಡ ಸವಾರರ ನಿಧಿಗೆ ಇವತ್ತಿಗೂ ಅಭಿಮಾನಿಗಳು ಸ್ಟ್ಯಾಂಡ್‌ಗಳಲ್ಲಿ ಬಕೆಟ್ ಹಿಡಿದು ಓಡಾಡುತ್ತಾರೆ. ಬ್ರೇಕ್ ಇಲ್ಲದ ಬೈಕ್ ಹತ್ತುವವರ ಬಗ್ಗೆ ಆ ಜನಕ್ಕೆ ಇರುವ ಕಾಳಜಿ ಅದು.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ, ಮೂರು ನಿಮಿಷ. ಹೆಂಗಸರ ವಿಷಯ ಹೇಳಬೇಕಿತ್ತು. ಐರ್ಲೆಂಡಿನ ಫೇ ಟೇಲರ್ ಆರಂಭದ ವರ್ಷಗಳಲ್ಲಿ ಗಂಡಸರನ್ನು ಸೋಲಿಸುತ್ತಿದ್ದಳು, 1930ರಲ್ಲಿ ಹೆಂಗಸರನ್ನೇ ನಿಷೇಧಿಸಿದರು. ಅದು ಒಂದು ಇಡೀ ಸಂಜೆಯ ವಿಷಯ. ತಂಡದ ಸವಾರರ ಸರಾಸರಿಗಳ ಮೊತ್ತಕ್ಕೆ ಮಿತಿ ಹಾಕಿ, ಗೆದ್ದ ತಂಡವನ್ನು ಮುಂದಿನ ವರ್ಷ ಒಡೆಯಲೇಬೇಕಾದ ನಿಯಮದ ಬಗ್ಗೆ ನನಗೆ ಸಿಟ್ಟಿದೆ, ಅದೂ ಇರಲಿ. ಬ್ರಿಟನ್ನಿನ ಸವಾರ ಟೈ ವಾಫಿಂಡನ್‌ನ ಮೂರು ವಿಶ್ವ ಕಿರೀಟ, 2013, 2015, 2018. ಅಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಮಾರ್ಚ್‌ನಲ್ಲಿ ಸೀಸನ್ ಶುರುವಾದಾಗ ಲೆಸ್ಟರ್‌ಗೆ ಹೋಗೋಣ, ಬರುವವರು ಹೊರಗಿನ ಮೇಜಿನ ಮೇಲಿರುವ ಹಾಳೆಯಲ್ಲಿ ಹೆಸರು ಬರೆಯಿರಿ. ಮಕ್ಕಳನ್ನೂ ಕರೆತನ್ನಿ, ಬೆಚ್ಚನೆ ಬಟ್ಟೆ ಹಾಕಿಸಿ, ಪೆನ್ಸಿಲ್ ನಾನು ತರುತ್ತೇನೆ. ಇನ್ನೊಂದು ಹಾಳೆಯೂ ಅಲ್ಲಿದೆ. ಬ್ರಾಂಡನ್ ಬಗ್ಗೆ ಹೊಸ ಅರ್ಜಿ ಯಾವಾಗ ಬಂದರೂ ಅಭಿಪ್ರಾಯ ತಿಳಿಸಲು ಕೊಡುವುದು ಕೆಲವೇ ವಾರ. ಆಗ ಪತ್ರ ಬರೆಯಲು ಸಿದ್ಧರಿರುವವರ ಪಟ್ಟಿ ಅದು. ಏನು ಬರೆಯಬೇಕು, ಹೇಗೆ ಬರೆಯಬೇಕು ಅಂತ ನಾನು ಕೂತು ಹೇಳಿಕೊಡುತ್ತೇನೆ. ಮುಂದಿನ ಸಾಲಿನವರೇ, ಮೊದಲ ಹೆಸರು ನಿಮ್ಮದಾಗಲಿ ಸಾರ್.