ಹಿಂದೆ ತೆರೆದಿರಬೇಕಾದ ಬಳೆ

ನಮಸ್ಕಾರ. ರೇಡಿಯೋ ಕೇಳುತ್ತಲೇ ಒಂದು ಕೆಲಸ ಮಾಡಿ. ಕತ್ತಿನ ಮುಂಭಾಗಕ್ಕೆ ಬೆರಳಿಟ್ಟು ಮೆಲ್ಲಗೆ ಕೆಳಗೆ ಜಾರಿಸಿ. ಗಟ್ಟಿಯಾಗಿ, ಏರುತಗ್ಗಾಗಿ ಏನೋ ಸಿಗುತ್ತದೆ, ಅಲ್ವಾ? ಅದೇ ಶ್ವಾಸನಾಳ. ಆ ಏರುಗಳು ಮೃದು ಎಲುಬಿನ ಬಳೆಗಳು. ಬಳೆ ಅಂದರೂ ಪೂರ್ತಿ ಬಳೆಯಲ್ಲ. ಕುದುರೆ ಲಾಳದ ಹಾಗೆ ಹಿಂದೆ ತೆರೆದಿರುತ್ತವೆ, ಅಲ್ಲಿ ಮೆತ್ತನೆಯ ಸ್ನಾಯು ಇರುತ್ತದೆ.

ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಹುಟ್ಟುವಾಗಲೇ ಈ ಬಳೆಗಳು ಸುತ್ತಲೂ ಕೂಡಿಕೊಂಡಿರುತ್ತವೆ. ಕೊಳವೆ ಕಿರಿದಾಗುತ್ತದೆ. ಎಳೆಗೂಸಿನ ಶ್ವಾಸನಾಳ ಸರಿಯಿದ್ದರೂ 4-5 ಮಿಲಿಮೀಟರ್ ಅಗಲ, ಅಷ್ಟೇ. ಅದು ಅರ್ಧಕ್ಕಿಳಿದರೆ ಗಾಳಿಗೆ ತಡೆ ಲೆಕ್ಕದ ಪ್ರಕಾರ 16 ಪಟ್ಟು ಜಾಸ್ತಿ!

ಇಂಥ ಮಗು ನಾಲ್ಕು ಗುಟುಕು ಹಾಲು ಕುಡಿದು ಮೊಲೆ ಬಿಡುತ್ತದೆ. ಉಸಿರೆಳೆದುಕೊಂಡು ಮತ್ತೆ ಬಾಯಿ ಹಾಕುತ್ತದೆ. ಪಕ್ಕೆಯ ಕೆಳಗೆ ಗುಳಿ ಬೀಳುತ್ತದೆ. ಎಳೆಯುವಾಗಲೂ ಬಿಡುವಾಗಲೂ ಗೊರಗೊರ ಸದ್ದು. ಸುಮ್ನೆ ಕಫ ಅಂತಲೋ ಉಬ್ಬಸ ಅಂತಲೋ ತಿಂಗಳುಗಟ್ಟಲೆ ಔಷಧಿ ನಡೆದುಬಿಡಬಹುದು. 'ಇದು ಕಫದ ಸದ್ದಲ್ಲ' ಅಂತ ತಾಯಿ ಹೇಳಿದರೆ ದಯವಿಟ್ಟು ಕೇಳಿಸಿಕೊಳ್ಳಿ. ಶ್ವಾಸನಾಳಕ್ಕೆ ಸಣ್ಣ ದುರ್ಬೀನು ಇಳಿಸಿ ನೋಡಿದರೆ, ಸಿಟಿ ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ.

ಮೊದಲೆಲ್ಲ ನಾಳವನ್ನು ಉದ್ದಕ್ಕೆ ಸೀಳಿ, ಹೃದಯದ ಹೊರಪೊರೆಯನ್ನೋ ಪಕ್ಕೆಲುಬಿನ ತುದಿಯ ಮೃದು ಎಲುಬಿನ ಚೂರನ್ನೋ ತೇಪೆ ಹಾಕುತ್ತಿದ್ದರು. 1989ರಲ್ಲಿ ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯ ವೈದ್ಯರು ಬೇರೆಯೇ ದಾರಿ ತೋರಿಸಿದರು. ಬಾಸ್ಟನ್ನಿನ ಶಸ್ತ್ರವೈದ್ಯ ಹರ್ಮೀಸ್ ಗ್ರಿಲ್ಲೋ ಅದನ್ನು ಮುಂದುವರಿಸಿದರು. ನನಗಂತೂ ಇದನ್ನು ನೆನೆದಾಗಲೆಲ್ಲ ಖುಷಿಯಾಗುತ್ತದೆ.

ಕಿರಿದಾದ ಭಾಗವನ್ನು ನಟ್ಟನಡುವೆ ಅಡ್ಡಕ್ಕೆ ಕತ್ತರಿಸುತ್ತಾರೆ. ಮೇಲಿನ ತುಂಡನ್ನು ಹಿಂದೆ ಸೀಳುತ್ತಾರೆ, ಕೆಳಗಿನದನ್ನು ಮುಂದೆ. ಎರಡನ್ನೂ ಒಂದರ ಮೇಲೊಂದು ಜಾರಿಸಿ, ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಾರೆ. ಆ ಭಾಗದ ಉದ್ದ ಅರ್ಧವಾಗುತ್ತದೆ, ಸುತ್ತಳತೆ ಎರಡು ಪಟ್ಟಾಗುತ್ತದೆ, ಗಾಳಿಯ ದಾರಿ ಹೆಚ್ಚುಕಡಿಮೆ ನಾಲ್ಕು ಪಟ್ಟು. ಹೊರಗಿನ ತೇಪೆ ಬೇಡ. ಮಗುವಿನದೇ ನಾಳ, ಮಗುವಿನ ಜೊತೆಗೇ ಬೆಳೆಯುತ್ತದೆ. ಆ ಹೊತ್ತಿನಲ್ಲಿ ಹೃದಯ-ಶ್ವಾಸಕೋಶಗಳ ಕೆಲಸವನ್ನು ಸಾಮಾನ್ಯವಾಗಿ ಯಂತ್ರ ನೋಡಿಕೊಳ್ಳುತ್ತದೆ. ಹಲವು ಮಕ್ಕಳಲ್ಲಿ ಎಡ ಶ್ವಾಸಕೋಶದ ರಕ್ತನಾಳವೂ ದಾರಿ ತಪ್ಪಿ ಶ್ವಾಸನಾಳದ ಹಿಂದೆ ಸುತ್ತಿಕೊಂಡಿರುತ್ತದೆ. ಅದನ್ನೂ ಆಗಲೇ ಸರಿಪಡಿಸುತ್ತಾರೆ.

ಇದು ದೊಡ್ಡ ಆಪರೇಷನ್. ಆಮೇಲೂ ಹೊಲಿಗೆಯ ಜಾಗದಲ್ಲಿ ಮಾಂಸ ಬೆಳೆದಿದೆಯೇ ಅಂತ ದುರ್ಬೀನು ಇಳಿಸಿ ಮತ್ತೆ ಮತ್ತೆ ನೋಡಬೇಕಾಗುತ್ತದೆ. ಆಪರೇಷನ್ನಿನ, ತಪಾಸಣೆಯ ಕಾಗದಗಳನ್ನೆಲ್ಲ ಜೋಪಾನವಾಗಿ ಇಡಿ. ಮುಂದೆ ಬೇರೆ ಯಾವ ಕಾರಣಕ್ಕೇ ಅರಿವಳಿಕೆ ಕೊಡುವುದಿದ್ದರೂ ಅವನ್ನು ಮೊದಲೇ ತೋರಿಸಿ. ಗಂಟಲಿಗೆ ಎಷ್ಟು ಸಣ್ಣ ನಳಿಗೆ ಹಾಕಬೇಕು ಅಂತ ವೈದ್ಯರು ಮುಂಚೆಯೇ ಸಿದ್ಧಮಾಡಿಕೊಳ್ಳುತ್ತಾರೆ. ನಮಸ್ಕಾರ.