ತೊಗರಿ ಬ್ಯಾಳಿಯೊಳಗಿನ ಪೊಟ್ಯಾಸಿಯಂ

ಕಲಬುರಗಿಯ ಕೇಳುಗರಿಗೆ ನಮಸ್ಕಾರ.

ಒಂದು ಧಾತು ಇನ್ನೊಂದು ಧಾತುವಾಗುವುದು ಎಲ್ಲೋ ದೂರದ ಅಣುಸ್ಥಾವರದ ಕೆಲಸ ಅಂತ ಅನಿಸುತ್ತದೆ, ಅಲ್ವಾ? ನಿಮ್ಮ ಅಡುಗೆಮನೆಯ ಬ್ಯಾಳಿ ಡಬ್ಬಿಯಲ್ಲೂ ಅದು ಈಗ ನಡೆದಿದೆ.

100 ಗ್ರಾಂ ತೊಗರಿ ಬ್ಯಾಳಿಯಲ್ಲಿ ಒಂದು ಗ್ರಾಂಗಿಂತ ಜಾಸ್ತಿ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿ ಸುಮಾರು ಹತ್ತು ಸಾವಿರಕ್ಕೊಂದು ಪರಮಾಣು ಬೇರೆ ಥರದ್ದು, ಪೊಟ್ಯಾಸಿಯಂ-40. ಅದರ ನ್ಯೂಕ್ಲಿಯಸ್‌ನಲ್ಲಿ 19 ಪ್ರೋಟಾನ್, 21 ನ್ಯೂಟ್ರಾನ್. ಈ ಜೋಡಣೆ ಗಟ್ಟಿಯಲ್ಲ. ನೂರರಲ್ಲಿ ಸುಮಾರು 89 ಸಲ ಒಂದು ನ್ಯೂಟ್ರಾನ್ ಹೋಗಿ ಪ್ರೋಟಾನ್ ಆಗುತ್ತದೆ, ಒಂದು ಎಲೆಕ್ಟ್ರಾನ್ ಹೊರಗೆ ಚಿಮ್ಮುತ್ತದೆ. ಪ್ರೋಟಾನ್ 20 ಆಯಿತು ಅಂದರೆ ಅದು ಕ್ಯಾಲ್ಸಿಯಂ. ಉಳಿದ ಸಲ ನ್ಯೂಕ್ಲಿಯಸ್ ತನ್ನ ಸುತ್ತಲಿನ ಎಲೆಕ್ಟ್ರಾನೊಂದನ್ನು ಒಳಗೆಳೆದುಕೊಳ್ಳುತ್ತದೆ. ಆಗ ಪ್ರೋಟಾನ್ 18ಕ್ಕೆ ಇಳಿದು ಆರ್ಗಾನ್ ಅನಿಲ ಹುಟ್ಟುತ್ತದೆ.

ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 30 ಪರಮಾಣು ಹೀಗೆ ಬದಲಾಗುತ್ತವೆ. ಕುಕ್ಕರ್ ಎಷ್ಟು ಸೀಟಿ ಹೊಡೆದರೂ ಈ ವೇಗ ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ನ್ಯೂಕ್ಲಿಯಸ್ಸನ್ನು ಅಲುಗಿಸಲು ಒಲೆಯ ಕಾವು ಸಾಲದು.

ಹೀಗೆ ಎಲೆಕ್ಟ್ರಾನ್ ಹೊರಗೆ ಚಿಮ್ಮುವುದೂ ಒಂದು ವಿಕಿರಣವೇ. ವಿಕಿರಣ ಅಂದ ಕೂಡಲೇ ಗಾಬರಿಯಾಗಬೇಡಿ. ನಮ್ಮ ಮೈಯೊಳಗೂ ಸೆಕೆಂಡಿಗೆ ಇಂಥ 4 ಸಾವಿರಕ್ಕೂ ಜಾಸ್ತಿ ಬದಲಾವಣೆ ಆಗುತ್ತಲೇ ಇರುತ್ತವೆ. ಆರೋಗ್ಯವಂತರ ದೇಹ ಬೇಕಾದಷ್ಟೇ ಪೊಟ್ಯಾಸಿಯಂ ಇಟ್ಟುಕೊಂಡು ಉಳಿದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಬ್ಯಾಳಿ ಜಾಸ್ತಿ ಉಂಡರೆ ಮೈಯಲ್ಲಿ ವಿಕಿರಣ ಕೂಡಿಕೊಳ್ಳುತ್ತದೆ ಅನ್ನುವ ಹೆದರಿಕೆ ಸುಮ್ನೆ.

ನನಗೆ ಬಹಳ ಹಿಡಿಸುವುದು ಆ ಆರ್ಗಾನ್. ನಾವು ಉಸಿರಾಡುವ ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಸುಮಾರು ಒಂದು. ಹೆಚ್ಚುಕಡಿಮೆ ಅಷ್ಟೂ ಪೊಟ್ಯಾಸಿಯಂ-40ರಿಂದ ಬಂದದ್ದು. ವೆಲ್ಡಿಂಗ್ ಮಾಡುವವರ ಆರ್ಗಾನ್ ಸಿಲಿಂಡರ್ ತುಂಬುವುದೂ ಈ ಗಾಳಿಯಿಂದಲೇ.

ಆಳಂದದ ಕಡೆ ಎರೆಹೊಲ ಅಗೆದರೆ ಕೆಳಗೆ ಕರಿಕಲ್ಲು ಸಿಗುತ್ತದಲ್ಲ, ಅದು ಲಾವಾ ಹರಿದು ಆರಿದ ಕಲ್ಲು. ಲಾವಾ ಕುದಿಯುವಾಗ ಒಳಗಿನ ಆರ್ಗಾನ್ ಹಾರಿಹೋಗುತ್ತದೆ. ಗಟ್ಟಿಯಾದ ಮೇಲೆ ಹುಟ್ಟಿದ ಆರ್ಗಾನ್‌ಗೆ ಹೊರಬರಲು ದಾರಿಯಿಲ್ಲ, ಹರಳುಗಳಲ್ಲೇ ಸಿಕ್ಕಿಬೀಳುತ್ತದೆ. ವಿಜ್ಞಾನಿಗಳು ಕಲ್ಲನ್ನು ಮತ್ತೆ ಕರಗಿಸಿ ಅದನ್ನು ಅಳೆಯುತ್ತಾರೆ. ಪೊಟ್ಯಾಸಿಯಂ-40 ಅರ್ಧಕ್ಕೆ ಇಳಿಯಲು ಸುಮಾರು 125 ಕೋಟಿ ವರ್ಷ ಬೇಕು. ಆ ಲೆಕ್ಕ ಹಿಡಿದು ನೋಡಿದರೆ ದಖ್ಖನ್ನಿನ ಕರಿಕಲ್ಲಿಗೆ ಸುಮಾರು 6.6 ಕೋಟಿ ವರ್ಷ ವಯಸ್ಸು. ಶಹಾಬಾದ್ ಹಾಸುಗಲ್ಲಿಗೆ ಮಾತ್ರ ಈ ಲೆಕ್ಕ ಕೂಡುವುದಿಲ್ಲ. ಅದು ನೀರಿನ ತಳದಲ್ಲಿ ಪದರಪದರವಾಗಿ ಕೂತ ಸುಣ್ಣಕಲ್ಲು, ಕರಗಿ ಹರಿದದ್ದಲ್ಲ.