ಅತೃಪ್ತರು ಯಾರು, ಮನಸ್ಸು ಮುರಿದವರು ಯಾರು?

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಪೇಪರ್ ಓದುವವರಿಗೆ ‘ಅತೃಪ್ತ’ ಅನ್ನೋ ಪದ ಹೊಸದಲ್ಲ. 2019ರ ಜುಲೈ ತಿಂಗಳಂತೂ ದಿನಬೆಳಗಾದರೆ ಅದೇ. ತಮ್ಮ ಪಕ್ಷ ಬಿಟ್ಟು ಹೊರಟ ಶಾಸಕರನ್ನು ಪೇಪರಿನವರು ಕರೆದದ್ದು ಹಾಗೆ. ಅತೃಪ್ತರು ಮುಂಬೈಗೆ ಹೋದರು, ಅತೃಪ್ತರು ಹೋಟೆಲಿನಲ್ಲಿದ್ದಾರೆ, ಅತೃಪ್ತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ತಿಂಗಳು 23ಕ್ಕೆ ಸರ್ಕಾರ ಬಿತ್ತು, ಆಮೇಲೆ 17 ಜನ ಅನರ್ಹರಾದರು, ಡಿಸೆಂಬರ್ 5ಕ್ಕೆ 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಅದರಲ್ಲಿ ಗೋಕಾಕ, ಅಥಣಿ, ಕಾಗವಾಡ ಮೂರೂ ನಮ್ಮವೇ. ಮೂರೂ ಕಡೆ ಅದೇ ಜನ ಹೊಸ ಪಕ್ಷದ ಚಿಹ್ನೆ ಹಿಡಿದು ಗೆದ್ದು ಬಂದರು.

ಅವರು ಮಾಡಿದ್ದು ಸರಿಯೋ ತಪ್ಪೋ ಅನ್ನೋದು ಇವತ್ತಿನ ಮಾತಲ್ಲ, ಅದನ್ನು ಮತದಾರರು ತೀರ್ಮಾನ ಮಾಡಿ ಮುಗಿಸಿದ್ದಾರೆ. ನನ್ನ ತಕರಾರು ಆ ಪದದ ಮೇಲೆ.

ತೃಪ್ತಿ ಅಂದರೆ ನಮಗೆ ಮೊದಲು ನೆನಪಾಗೋದು ಊಟ, ಅಲ್ವಾ? ಇಲ್ಲಿನ ಯಾವುದಾದರೂ ಖಾನಾವಳಿಗೆ ಮಧ್ಯಾಹ್ನ ಹೋಗಿ ಕೂತು ನೋಡಿ. ಒಬ್ಬ ಗಿರಾಕಿ ರೊಟ್ಟಿ ತಣ್ಣಗಾಗಿದೆ ಅಂತ ತಟ್ಟೆ ಹಿಂದಕ್ಕೆ ತಳ್ಳುತ್ತಾನೆ, ಝುಣಕದಲ್ಲಿ ಉಪ್ಪಿಲ್ಲ ಅಂತಾನೆ, ಮೊಸರು ಯಾಕೆ ಇಷ್ಟು ಹುಳಿ ಅಂತ ಗಲ್ಲಾಪೆಟ್ಟಿಗೆಯವರೆಗೂ ಕೇಳುವ ಹಾಗೆ ಜೋರು ಮಾಡುತ್ತಾನೆ. ಗಲ್ಲೆಯಲ್ಲಿ ಕೂತ ಮಾಲೀಕ ತಲೆ ಕೂಡ ಎತ್ತುವುದಿಲ್ಲ. ಕೇಳಿದರೆ, “ಬೈಯೋ ಗಿರಾಕಿ ಎಲ್ಲೂ ಹೋಗೂದಿಲ್ರಿ, ನಾಳೆ ಮತ್ತ ಬಂದು ಬೈತಾನ. ಸುಮ್ನ ಉಂಡು, ರೊಕ್ಕಾ ಕೊಟ್ಟು, ಏನೂ ಅನ್ನದ ಹೋದಾವ ಅದಾನಲ್ರಿ, ಅವನ ತಿರುಗಿ ಬರೂದಿಲ್ಲ” ಅಂತಾನೆ.

ಅಂದರೆ ಇಲ್ಲಿ ಎರಡು ಬೇರೆ ಬೇರೆ ಸ್ಥಿತಿಗಳಿವೆ. ಮೊದಲನೆಯದಕ್ಕೆ ನಮ್ಮಲ್ಲಿ ಸಿಟ್ಟು, ಮುನಿಸು, ಬೇಜಾರು, ಅಸಮಾಧಾನ ಅಂತ ಬೇಕಾದಷ್ಟು ಹೆಸರು. ಮುನಿಸಿಕೊಂಡವನು ಇನ್ನೂ ಮನೆಯವನೇ, ಸಮಾಧಾನ ಮಾಡಲಿ ಅಂತ ಕಾಯುತ್ತಿರುತ್ತಾನೆ. ಎರಡನೆಯದಕ್ಕೆ ಜನ ಹೇಳೋದು ಒಂದೇ ಮಾತು: “ಮನಸ್ಸು ಮುರದೈತ್ರಿ.” ಅಲ್ಲಿ ಕೇಳುವುದೂ ಇಲ್ಲ, ಕಾಯುವುದೂ ಇಲ್ಲ. ಮುಂದಿನ ಹೆಜ್ಜೆ ಉಂಡ ಮನೆಗೆ ಎರಡು ಬಗೆಯೋದು. ಮೊದಲು ನಂಟು ಇದ್ದವರಿಗೆ ಮಾತ್ರ ಮನಸ್ಸು ಮುರಿಯುತ್ತದೆ ಅನ್ನೋದನ್ನೂ ಗಮನಿಸಿ. ದಾರಿಹೋಕನ ಮೇಲೆ ಯಾರಿಗೂ ಮನಸ್ಸು ಮುರಿಯಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ಡಿಸ್‌ಅಫೆಕ್ಷನ್ ಅಂತಾರೆ. ಆ ಪದ ನಮ್ಮ ದೇಶಕ್ಕೆ ಬಂದಿದ್ದೇ ಪೊಲೀಸರ ಜೊತೆ. 1870ರಲ್ಲಿ ಬ್ರಿಟಿಷರು ದಂಡಸಂಹಿತೆಗೆ 124ಎ ಅನ್ನೋ ರಾಜದ್ರೋಹದ ಕಲಂ ಸೇರಿಸಿದರು. ಸರ್ಕಾರದ ಮೇಲೆ ಜನರಲ್ಲಿ ಡಿಸ್‌ಅಫೆಕ್ಷನ್ ಹುಟ್ಟಿಸಿದರೆ ಅಪರಾಧ. ಅದೆಂದರೇನು? 1897ರಲ್ಲಿ ತಿಲಕರ ಮೊದಲ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಸ್ಟ್ರೇಚಿ ಅವರ ಪ್ರಕಾರ ಪ್ರೀತಿ ಇಲ್ಲದಿರುವುದೇ ಡಿಸ್‌ಅಫೆಕ್ಷನ್. ಎಷ್ಟು ಚೆನ್ನಾಗಿದೆ ನೋಡಿ, ತೆರಿಗೆ ಕಟ್ಟಿದರೆ ಸಾಲದು, ಪ್ರೀತಿಯನ್ನೂ ಮಾಡಬೇಕು! ಅದೇ ವರ್ಷ ಸಾತಾರದ ಒಂದು ಪತ್ರಿಕೆಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಪಾರ್ಸನ್ಸ್ ಇದನ್ನು ಒಪ್ಪಲಿಲ್ಲ. ಪ್ರೀತಿ ಇಲ್ಲ ಅನ್ನೋದು ಬೇರೆ, ಇರುವ ಸರ್ಕಾರದ ಕಡೆಗಿನ ನಿಷ್ಠೆಯೇ ಹೋಗುವುದು ಬೇರೆ, ಕಾನೂನು ಹೇಳುವುದು ಎರಡನೆಯದನ್ನು ಅಂದರು. ಆದರೆ 1898ರ ತಿದ್ದುಪಡಿ ಬಂದು, ನಿಷ್ಠೆ ಇಲ್ಲದಿರುವುದೂ ಎಲ್ಲ ಬಗೆಯ ಹಗೆತನವೂ ಅದರಲ್ಲಿ ಸೇರುತ್ತದೆ ಅಂತ ಬಲೆಯನ್ನು ಇನ್ನಷ್ಟು ಅಗಲ ಮಾಡಿತು.

ಈ ಜಗಳದ ಒಂದು ಮುಖ್ಯ ಸುತ್ತು ಶುರುವಾದದ್ದು ನಮ್ಮೂರಲ್ಲೇ. ಬರ್ಮಾದ ಮಂಡಾಲೆ ಜೈಲಿನಲ್ಲಿ ಆರು ವರ್ಷ ಕಳೆದು ಬಂದ ತಿಲಕರು 1916ರ ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲಿ ಸ್ವರಾಜ್ಯ ಕೇಳುವ ಹೋಮ್ ರೂಲ್ ಲೀಗ್ ಕಟ್ಟಿದರು. ಮೇ 1ಕ್ಕೆ ಇಲ್ಲೇ ಮರಾಠಿಯಲ್ಲಿ ಭಾಷಣ ಮಾಡಿದರು. ಚಕ್ರವರ್ತಿ ಇರಲಿ, ನಡುವೆ ಕೂತು ಆಡಳಿತ ನಡೆಸುವ ಅಧಿಕಾರಿಗಳ ವ್ಯವಸ್ಥೆ ಬದಲಾಗಲಿ ಅನ್ನೋದು ಅವರ ವಾದ. ಸರ್ಕಾರ ಈ ಭಾಷಣವನ್ನೂ ಅಹ್ಮದನಗರದ ಎರಡು ಭಾಷಣಗಳನ್ನೂ ಹಿಡಿದುಕೊಂಡು, ಒಳ್ಳೆಯ ನಡತೆಗೆ 20,000 ರೂಪಾಯಿ ಮುಚ್ಚಳಿಕೆ ಬರೆಸಿಕೊಳ್ಳಲು ಹೊರಟಿತು. ಪುಣೆಯ ಮ್ಯಾಜಿಸ್ಟ್ರೇಟರು ಹೂಂ ಅಂದರು. ಬಾಂಬೆ ಹೈಕೋರ್ಟಿನಲ್ಲಿ ತಿಲಕರ ಪರ ನಿಂತವರು ಜಿನ್ನಾ. ಭಾಷಣಗಳನ್ನು ಇಡಿಯಾಗಿ ಓದಬೇಕು, ಅಲ್ಲೊಂದು ಇಲ್ಲೊಂದು ಖಾರದ ಮಾತು ಹೆಕ್ಕಿ ತೆಗೆಯಬಾರದು ಅಂತ ಹೇಳಿ ಹೈಕೋರ್ಟು ನವೆಂಬರ್‌ನಲ್ಲಿ ಆ ಆದೇಶವನ್ನು ರದ್ದು ಮಾಡಿತು. ಆ ಬೈಗುಳ ಗಿರಾಕಿಯ ಬೈಗುಳ ಅಂತ ಕೋರ್ಟಿಗೆ ಅರ್ಥವಾಗಿತ್ತು.

1922ರ ಮಾರ್ಚ್‌ನಲ್ಲಿ ಅಹಮದಾಬಾದಿನಲ್ಲಿ ಇದೇ 124ಎ ಅಡಿ ನಿಂತ ಗಾಂಧೀಜಿಯವರದು ಬೇರೆ ದಾರಿ. ಹೌದು, ನನಗೆ ನಿಮ್ಮ ಸರ್ಕಾರದ ಮೇಲೆ ಪ್ರೀತಿ ಇಲ್ಲ, ಪ್ರೀತಿಯನ್ನು ಕಾನೂನಿನಿಂದ ತಯಾರು ಮಾಡಲಾಗುವುದಿಲ್ಲ ಅಂದುಬಿಟ್ಟರು. ಸಿಕ್ಕಿದ್ದು ಆರು ವರ್ಷ. ಕಾಯಿಲೆ ಬಿದ್ದು ಶಸ್ತ್ರಚಿಕಿತ್ಸೆಯಾಗಿ 1924ರ ಫೆಬ್ರವರಿಯಲ್ಲಿ ಹೊರಬಂದರು, ಅದೇ ಡಿಸೆಂಬರ್‌ನಲ್ಲಿ ಬೆಳಗಾವಿಗೆ ಬಂದು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ತಿಲಕರು ಇನ್ನೂ ಮಾತು ಕೇಳಿಸಲು ನೋಡುತ್ತಿದ್ದರು, ಗಾಂಧೀಜಿಯ ಮನಸ್ಸು ಮುರಿದಿತ್ತು. ಸರ್ಕಾರದ ಕಣ್ಣಿಗೆ ಇಬ್ಬರೂ ಒಂದೇ.

ಸ್ವಾತಂತ್ರ್ಯ ಬಂದ ಮೇಲೂ ಈ ಗೊಂದಲ ಹೋಗಲಿಲ್ಲ. ನಮ್ಮ ರಾಜ್ಯದ ಪೊಲೀಸರು ಸಂಬಳ, ರಜೆ ವಿಷಯಕ್ಕೆ 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಹೊರಟಿದ್ದರಲ್ಲ, ಆಗ ಮುಷ್ಕರ ತಡೆಯುವ ಎಸ್ಮಾ ಕಾಯ್ದೆ ಜಾರಿಯಾಯಿತು, ಕರೆ ಕೊಟ್ಟ ಮುಖಂಡರ ಮೇಲೆ ರಾಜದ್ರೋಹದ ಕೇಸೂ ಬಿತ್ತು. ಕೇಳಿದ್ದು ಸಂಬಳ. ರಾಜದ್ರೋಹವನ್ನು ‘ದೇಶದ್ರೋಹ’ ಅಂತ ಬರೆಯುವವರೂ ಜಾಸ್ತಿ. ಆ ಕಲಂ ಹೇಳುತ್ತಿದ್ದದ್ದು ಸರ್ಕಾರದ ಬಗ್ಗೆ, ದೇಶದ ಬಗ್ಗೆ ಅಲ್ಲ. 2022ರ ಮೇನಲ್ಲಿ ಸುಪ್ರೀಂ ಕೋರ್ಟು 124ಎಗೆ ತಡೆ ಹಾಕಿತು. 2024ರ ಜುಲೈ 1ರಿಂದ ಬಂದ ಹೊಸ ನ್ಯಾಯ ಸಂಹಿತೆಯ 152ನೇ ಕಲಮಿನಲ್ಲಿ ಡಿಸ್‌ಅಫೆಕ್ಷನ್ ಪದವೇ ಇಲ್ಲ, ಪ್ರತ್ಯೇಕತೆ, ಸಶಸ್ತ್ರ ದಂಗೆ ಇಂಥವು ಬಂದಿವೆ. ಅದರ ವ್ಯಾಪ್ತಿಯ ಬಗ್ಗೆಯೂ ವಕೀಲರ ನಡುವೆ ವಾದ ಇದೆ, ಅದು ಇನ್ನೊಂದು ದಿನದ ಮಾತು.

ಕಾನೂನು ಬರೀ ಅಸಮಾಧಾನವನ್ನು ನಿಷ್ಠಾಭಂಗ ಮಾಡಿತು. ಸುದ್ದಿಯವರು ಮಾಡುತ್ತಿರುವುದು ಇದರ ತದ್ವಿರುದ್ಧ. ಗಂಟುಮೂಟೆ ಕಟ್ಟಿಕೊಂಡು ಹೋಗಿ ಇನ್ನೊಂದು ಪಕ್ಷದ ಬಾಗಿಲಲ್ಲಿ ನಿಂತವನನ್ನೂ ‘ಅತೃಪ್ತ’ ಅಂತಾರೆ, ಏನೋ ಪಾಪ ಇನ್ನೊಂದು ರೊಟ್ಟಿ ಸಿಗಲಿಲ್ಲ ಅನ್ನೋ ಹಾಗೆ. ಚಳಿಗಾಲದ ಅಧಿವೇಶನಕ್ಕೆ ಸುವರ್ಣಸೌಧದ ಹೊರಗೆ ಟೆಂಟ್ ಹಾಕಿಕೊಂಡು ಕೂರುತ್ತಾರಲ್ಲ, ಕಬ್ಬಿನ ಬಾಕಿ ಕೇಳುವವರು, ಅಂಗನವಾಡಿಯವರು, ಅತಿಥಿ ಉಪನ್ಯಾಸಕರು, ನಿಜವಾದ ಅತೃಪ್ತರು ಅವರು. ಮಂತ್ರಿ ಬಂದು ಮನವಿ ಈಸಿಕೊಳ್ಳಲಿ ಅಂತ ಸಂಜೆವರೆಗೂ ಕಾಯುತ್ತಾರೆ, ಬರದಿದ್ದರೆ ಮರುದಿನವೂ ಕೂರುತ್ತಾರೆ. ಅವರಿಗೆ ಪೇಪರಿನಲ್ಲಿ ಸಿಗೋದು ‘ಆಕ್ರೋಶ’ ಅನ್ನೋ ಎರಡು ಕಾಲಂ ಸುದ್ದಿ.

ಹಾಗಾಗಿ ಸುದ್ದಿ ಬರೆಯುವ ಗೆಳೆಯರಿಗೆ ಒಂದೇ ಕೋರಿಕೆ. ಪಕ್ಷ ಬಿಟ್ಟವರನ್ನು ಪಕ್ಷ ಬಿಟ್ಟವರು ಅಂತಲೇ ಬರೆಯಿರಿ. ಅತೃಪ್ತ ಅನ್ನೋ ಪದವನ್ನು ಈ ಡಿಸೆಂಬರಿಗಾದರೂ ಆ ಟೆಂಟಿನವರಿಗೆ ಬಿಟ್ಟುಕೊಡಿ.

ನಮಸ್ಕಾರ.